ರಾಜನ ಮಗನೆಂಬುದಕ್ಕೆ ಕಾದ ಕಬ್ಬಿಣದ ಸಾಕ್ಷಿ

ಪ್ರಶ್ನೆ: ಹನ್ನೆರಡನೆಯ ಶತಮಾನದ ನಾರ್ವೆಯಲ್ಲಿ ಒಂದೇ ಕಾಲಕ್ಕೆ ಇಬ್ಬರು, ಮೂವರು ರಾಜರು ಆಳುತ್ತಿದ್ದರೆಂದು ಓದಿದ್ದೇನೆ. ಹಿರಿಯ ಮಗನಿಗೇ ಪಟ್ಟ ಎಂಬ ನಿಯಮ ಅಲ್ಲಿರಲಿಲ್ಲವೇ? ಆ ಅಂತಃಕಲಹ ಹೇಗೆ ಮುಗಿಯಿತು?

ಉತ್ತರ: ಅಂಥ ನಿಯಮ ಆಗ ಇರಲಿಲ್ಲ. ರಾಜನ ಗಂಡುಮಕ್ಕಳೆಲ್ಲರಿಗೂ, ಅವರು ಮದುವೆಯಾದ ಹೆಂಡತಿಗೆ ಹುಟ್ಟಿದವರಿರಲಿ, ಇತರ ಸ್ತ್ರೀಯರಿಗೆ ಹುಟ್ಟಿದವರಿರಲಿ, ಪಟ್ಟದ ಮೇಲೆ ಹಕ್ಕಿತ್ತು. ‘ಥಿಂಗ್’ ಎಂಬ ಜನಸಭೆ ಒಪ್ಪಿ ಘೋಷಿಸಿದರೆ ಆತ ರಾಜನಾಗುತ್ತಿದ್ದ. ಈ ಪದ್ಧತಿಯನ್ನು ಅರಾಜಕತೆ ಎಂದು ತಳ್ಳಿಹಾಕುವುದು ತಪ್ಪು. 1103ರಲ್ಲಿ ರಾಜ ಮ್ಯಾಗ್ನಸ್ ಬೇರ್‌ಫುಟ್ ಮಡಿದಾಗ ಬೇರೆ ಬೇರೆ ತಾಯಂದಿರ ಮೂವರು ಮಕ್ಕಳು ರಾಜ್ಯವನ್ನು ಕೂಡಿ ಆಳಿದರು, ಅವರ ನಡುವೆ ಯುದ್ಧವಾಗಲಿಲ್ಲ.

ತೊಡಕು ಇದ್ದದ್ದು ಬೇರೆ ಕಡೆ: ಯಾರು ರಾಜನ ಮಗ ಎಂದು ನಿರ್ಣಯಿಸುವುದು ಹೇಗೆ? ಆ ಮೂವರಲ್ಲಿ ಕೊನೆಯವರೆಗೆ ಉಳಿದ ಸಿಗುರ್ಡ್ ಆಳುತ್ತಿದ್ದಾಗ ಐರ್ಲೆಂಡ್ ಕಡೆಯಿಂದ ಬಂದ ಹರಾಲ್ಡ್ ಗಿಲ್ಲೆ ಎಂಬಾತ, ತಾನೂ ಮ್ಯಾಗ್ನಸನ ಮಗನೆಂದು ಹೇಳಿಕೊಂಡ. ಬೆಂಕಿಯಂಥದ್ದಕ್ಕೆ ಒಡ್ಡಿಕೊಂಡು ತನ್ನ ಮಾತು ನಿಜವೆಂದು ತೋರಿಸುವ, ನಮ್ಮ ಧರ್ಮಶಾಸ್ತ್ರಗಳು ‘ದಿವ್ಯ’ ಎಂದು ಕರೆಯುವ ಪರೀಕ್ಷೆಯೇ ಅಲ್ಲಿಯೂ ನಡೆಯಿತು. ನೆಲದ ಮೇಲೆ ಸಾಲಾಗಿಟ್ಟ ಒಂಬತ್ತು ಕಾದ ನೇಗಿಲಗುಳಗಳ ಮೇಲೆ, ಇಬ್ಬರು ಬಿಷಪ್ಪರ ಆಸರೆಯಲ್ಲಿ ಅವನು ಬರಿಗಾಲಲ್ಲಿ ನಡೆದನೆಂದೂ, ಮೂರು ದಿನಗಳ ನಂತರ ನೋಡಿದಾಗ ಪಾದ ಸುಟ್ಟಿರಲಿಲ್ಲವೆಂದೂ ‘ಸಾಗಾ’ ಎಂಬ ಅಲ್ಲಿನ ಹಳೆಯ ಗದ್ಯಕಥನಗಳು ಹೇಳುತ್ತವೆ. ಸಿಗುರ್ಡನೂ ಅವನ ಮಗ ಮ್ಯಾಗ್ನಸನೂ ಬದುಕಿರುವತನಕ ಪಟ್ಟ ಕೇಳುವುದಿಲ್ಲವೆಂದು ಹರಾಲ್ಡ್ ಆಣೆಯಿಟ್ಟಿದ್ದ. ಆದರೆ 1130ರಲ್ಲಿ ಸಿಗುರ್ಡ್ ತೀರಿಕೊಂಡೊಡನೆ ಪಟ್ಟದಲ್ಲಿ ಪಾಲು ಪಡೆದ. 1135ರಲ್ಲಿ ಬೆರ್ಗೆನ್‌ನಲ್ಲಿ ಸೆರೆಸಿಕ್ಕ ಮ್ಯಾಗ್ನಸನ ಕಣ್ಣು ಕೀಳಿಸಿದ. ಮರುವರ್ಷವೇ ಹರಾಲ್ಡನ ಕೊಲೆಯಾಯಿತು. ಕೊಂದವನೂ ಅದೇ ಮ್ಯಾಗ್ನಸ್ ಬೇರ್‌ಫುಟ್‌ನ ಮಗ ತಾನೆಂದು ಹೇಳಿಕೊಂಡವನೇ. ಹರಾಲ್ಡನ ಮೂವರು ಮಕ್ಕಳು ಕೂಡಿ ಆಳಲು ತೊಡಗಿ, 1155ರಿಂದ 1161ರೊಳಗೆ ಒಬ್ಬರ ನಂತರ ಒಬ್ಬರಂತೆ ಹತರಾದರು.

ಇಷ್ಟಾದ ಮೇಲೆ, 1163ರಲ್ಲಿ ಚರ್ಚಿನ ಬೆಂಬಲದಿಂದ ಹಿರಿಯ ಔರಸ ಪುತ್ರನಿಗೇ ಪಟ್ಟವೆಂಬ ಕಾನೂನು ಬಂತು. ಆದರೆ ಅದರ ಆಶ್ರಯದಲ್ಲಿ ಆಳಿದ ಬಾಲರಾಜ ಮ್ಯಾಗ್ನಸ್ ಎರ್ಲಿಂಗ್‌ಸನ್ ಸ್ವತಃ ರಾಜನ ಮಗನಾಗಿರಲಿಲ್ಲ, ಸಿಗುರ್ಡನ ಮಗಳ ಮಗನಾಗಿದ್ದ. ಫೇರೋ ದ್ವೀಪಗಳಿಂದ ಬಂದ ಸ್ವೆರ್ರೆ ತನ್ನನ್ನು ರಾಜಪುತ್ರನೆಂದು ಹೇಳಿಕೊಂಡು, 1184ರ ಫಿಮ್ರೈಟೆ ನೌಕಾಯುದ್ಧದಲ್ಲಿ ಅವನನ್ನು ಸೋಲಿಸಿದ. ಮ್ಯಾಗ್ನಸ್ ಅಲ್ಲಿಯೇ ಮಡಿದ. ರಾಜರ ಕಥೆಗಳ ನಡುವೆ ನನ್ನ ಮನಸ್ಸನ್ನು ಬಹಳವಾಗಿ ಹಿಡಿದು ನಿಲ್ಲಿಸುವವಳು ವಾರ್ಟೈಗ್‌ನ ಇಂಗಾ. ತನ್ನ ಮಗ ಹೋಕನ್ ಸ್ವೆರ್ರೆಯ ಮೊಮ್ಮಗನೇ ಹೌದೆಂದು ತೋರಿಸಲು, ಅವನು 1217ರಲ್ಲಿ ರಾಜನೆನಿಸಿಕೊಂಡ ಮೇಲೂ, 1218ರಲ್ಲಿ ಬೆರ್ಗೆನ್‌ನಲ್ಲಿ ಆ ತಾಯಿ ಕಾದ ಕಬ್ಬಿಣವನ್ನು ಕೈಯಲ್ಲಿ ಹಿಡಿದಳು. ದಿವ್ಯದಲ್ಲಿ ಅವಳು ಗೆದ್ದಳೆಂದು ಸಾರಲಾಯಿತು.

ಹೋಕನ್ ತನ್ನ ಕೊನೆಯ ಪ್ರತಿಸ್ಪರ್ಧಿ ಸ್ಕೂಲೆಯನ್ನು 1240ರಲ್ಲಿ ನಿವಾರಿಸಿಕೊಂಡು, 1260ರಲ್ಲಿ ಉತ್ತರಾಧಿಕಾರದ ಕಾನೂನನ್ನು ಸ್ಪಷ್ಟವಾಗಿ ಬರೆಯಿಸಿದ. ರಾಜನೊಬ್ಬನೇ, ಮೊದಲ ಹಕ್ಕು ಹಿರಿಯ ಔರಸ ಪುತ್ರನದು. (ಆದರೆ ನೆರೆಯ ಸ್ವೀಡನ್ ರಾಜನನ್ನು ಆರಿಸುವ ಪದ್ಧತಿಯನ್ನೇ ಉಳಿಸಿಕೊಂಡಿತು.) 1263ರ ಡಿಸೆಂಬರಿನಲ್ಲಿ ಹೋಕನ್ ಆರ್ಕ್ನಿ ದ್ವೀಪಗಳ ಕರ್ಕ್‌ವಾಲ್‌ನಲ್ಲಿ ತೀರಿಕೊಂಡಾಗ, ಅದಾಗಲೇ ಪಟ್ಟಾಭಿಷಿಕ್ತನಾಗಿದ್ದ ಮಗ ಮ್ಯಾಗ್ನಸ್ ಯಾವ ಕಾದಾಟವೂ ಇಲ್ಲದೆ ಆಳ್ವಿಕೆಯನ್ನು ಮುಂದುವರಿಸಿದ.