ವಾಮವಿದ್ಯೆ ಕಲಿತವನು ಕೆಡುವುದು ಹೇಗೆ?

ಪ್ರಶ್ನೆ: ಮಲೆನಾಡನ್ನೇ ಹೋಲುವ ಕಲ್ಪಿತ ಲೋಕವೊಂದರ ಕಾದಂಬರಿ ಬರೆಯುತ್ತಿದ್ದೇನೆ. ಊರಿನ ಅಡಿಕೆ ತೋಟಗಳನ್ನು ಕೊಳೆರೋಗದಿಂದ ಉಳಿಸಲು ನಾಯಕ ವಾಮವಿದ್ಯೆ ಕಲಿಯುತ್ತಾನೆ. ಪ್ರತಿ ಪ್ರಯೋಗಕ್ಕೂ ಅವನ ಕೂದಲು ನರೆಯುತ್ತದೆ, ಮೈ ಸೊರಗುತ್ತದೆ. ಆದರೂ ಓದಿದ ಗೆಳೆಯರಿಗೆ ಭಯವಾಗಲಿಲ್ಲವಂತೆ. ಎಲ್ಲಿ ತಪ್ಪಿದ್ದೇನೆ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನೀವು ಬರೆದಿರುವುದು ಆ ವಿದ್ಯೆಗೆ ತೆರುವ ಬೆಲೆಯನ್ನು, ಅದರಿಂದಾಗುವ ಕೇಡನ್ನಲ್ಲ. ಊರಿಗಾಗಿ ಮೈ ಸವೆಸಿದವನನ್ನು ಕಂಡು ಓದುಗರು ಮರುಗುತ್ತಾರೆಯೇ ಹೊರತು ಹೆದರುವುದಿಲ್ಲ.

ಕೊಳೆರೋಗವನ್ನು ಆರಿಸಿಕೊಂಡದ್ದು ಬಹಳ ಒಳ್ಳೆಯದಾಯಿತು. ನಿಮಗೆ ಬೇಕಾದ ಉತ್ತರ ಅದರೊಳಗೇ ಇದೆ. ಮಳೆ ಹಿಡಿಯುವ ಮೊದಲೇ ಮೈಲುತುತ್ತ ಮತ್ತು ಸುಣ್ಣವನ್ನು ಕೂಡಿಸಿ ಶೇಕಡಾ 1ರ ಬೋರ್ಡೋ ದ್ರಾವಣ ಮಾಡಬೇಕು, ಮರ ಹತ್ತಿ ಅದನ್ನು ಗೊನೆಗಳಿಗೆ ಹೊಡೆಯುವ ಕೊನೆಗಾರನ ಮನೆಗೆ ಹೋಗಿ ದಿನ ಗೊತ್ತುಮಾಡಿಕೊಂಡು ಬರಬೇಕು, ಸುಮಾರು 40 ದಿನ ಕಳೆದ ಮೇಲೆ ಮಳೆ ಬಿಟ್ಟು ಹೊಳವಾಗುವುದನ್ನು ಕಾದು ಇನ್ನೊಮ್ಮೆ ಹೊಡೆಸಬೇಕು. ಗಾಳಿಮಳೆಯಲ್ಲಿ ಹರಡುವ ರೋಗವಾದ್ದರಿಂದ ಪಕ್ಕದ ತೋಟದವರು ಉದಾಸೀನ ಮಾಡಿದರೂ ಕಷ್ಟವೇ. ಹೀಗೆ ಅಡಿಕೆ ಬೆಳೆಯುವವನು ಪ್ರತಿ ವರ್ಷವೂ ಹತ್ತು ಜನರನ್ನು ಕೇಳಿಕೊಳ್ಳಬೇಕು, ಅವರು ಆಗುವುದಿಲ್ಲವೆಂದರೆ ಅದನ್ನೂ ಸಹಿಸಬೇಕು.

ಮಂತ್ರ ಬಲ್ಲವನಿಗೆ ಇದೊಂದೂ ಬೇಡ. ಮೊದಲ ಮಳೆಗಾಲದಲ್ಲಿ ಅವನು ನಿಜವಾಗಿಯೂ ಊರನ್ನು ಉಳಿಸಲಿ. ಎರಡನೆಯದರಲ್ಲಿ ಕೊನೆಗಾರನ ಮನೆಯ ದಾರಿ ಮರೆಯಲಿ. ಮೂರನೆಯ ವರ್ಷ ಬೇಣದ, ಅಂದರೆ ಹುಲ್ಲುಗಾವಲಿನ, ಗಡಿಯ ವಿಷಯದಲ್ಲಿ ನೆರೆಯವನು ಎದುರು ಮಾತಾಡಿದಾಗ, ಆ ಮಾತು ಮುಗಿಯುವವರೆಗೆ ಕಾಯುವ ತಾಳ್ಮೆ ಅವನಲ್ಲಿ ಉಳಿದಿರಬಾರದು. ಆಗಲೂ ತಾನು ಊರನ್ನು ಕಾಯುವವನೆಂದೇ ಅವನು ಮನಸಾರೆ ನಂಬಿರಬೇಕು. ಕೂದಲು ಕಪ್ಪಾಗಿಯೇ ಇರಲಿ, ಮುಖದಲ್ಲಿ ಕಳೆಯೂ ಇರಲಿ.

ನಿಮ್ಮ ಜಿಲ್ಲೆಯ ಬಳ್ಳಿಗಾವೆಯವನೆಂದು ಹೇಳಲಾಗುವ ಅಲ್ಲಮಪ್ರಭು ಮತ್ತು ಸಿದ್ಧಯೋಗಿ ಗೋರಕ್ಷರ ಪ್ರಸಂಗವನ್ನು, ಶರಣರ ವಚನಗಳನ್ನು ಸಂವಾದವಾಗಿ ಹೆಣೆದ ಶೂನ್ಯಸಂಪಾದನೆಯಲ್ಲಿ ದಯವಿಟ್ಟು ಓದಿ. ಸಿದ್ಧಿಯಿಂದ ವಜ್ರದಂತಾದ ಗೋರಕ್ಷನ ಮೈಗೆ ಕತ್ತಿ ತಾಗಿದಾಗ ಗಾಯವಾಗದೆ ಖಣಿಲೆಂಬ ಸದ್ದು ಮಾತ್ರ ಬರುತ್ತದೆ. ಗೋರಕ್ಷ ಹೆಮ್ಮೆಪಟ್ಟ ಆ ಗಟ್ಟಿತನವೇ ಅವನ ಕೊರತೆಯೆಂಬುದು ಅಲ್ಲಮನ ನಿಲುವು. ಗೋರಕ್ಷ ದುಷ್ಟನಲ್ಲ, ದೊಡ್ಡ ಸಾಧಕ. ನಿಮ್ಮ ನಾಯಕನಿಗೂ ಅಂಥದೇ ಘನತೆ ಬೇಕು, ಇಲ್ಲವಾದರೆ ಅವನು ಕೆಟ್ಟದ್ದು ಯಾರಿಗೂ ನಷ್ಟವೆನಿಸುವುದಿಲ್ಲ.

ಮೂರನೆಯ ಮಳೆಗಾಲದ ಅಧ್ಯಾಯವನ್ನು ನಾಯಕನ ಬಾಯಿಂದ ಹೇಳಿಸಬೇಡಿ. ಆ ವರ್ಷ ಯಾರೂ ಕರೆಯಲು ಬಾರದಿದ್ದ ಕೊನೆಗಾರನಿಂದ ಹೇಳಿಸಿ ನೋಡಿ.