ನಿಮ್ಮ ಸೈನಿಕನ ಕವಚದ ಬಗ್ಗೆ ಕೆಲವು ಮಾತು

ನಮಸ್ಕಾರ.

ನಿಮ್ಮ ಕಥೆ ಪೂರ್ತಿ ಓದಿದೆ. ನೇರವಾಗಿಯೇ ಹೇಳುತ್ತೇನೆ, ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡುವ ಕಥೆಯೂ ಅಲ್ಲ. ಇಂಗ್ಲೆಂಡಿನ ರಾಜ ರಿಚರ್ಡನ ಕ್ರೈಸ್ತ ಸೈನ್ಯಕ್ಕೂ ಸುಲ್ತಾನ ಸಲಾಹುದ್ದೀನನ ಸೈನ್ಯಕ್ಕೂ ನಡೆದ 1191ರ ಅರ್ಸುಫ್ ಯುದ್ಧವನ್ನು ರಾಜರ ಕಡೆಯಿಂದ ನೋಡದೆ, ಕುದುರೆ ಕಳೆದುಕೊಂಡು ಕಾಲಾಳುಗಳ ಜೊತೆ ನಡೆಯುವ ಒಬ್ಬ ನಾರ್ಮನ್ ನೈಟ್‌ನ ಕಡೆಯಿಂದ ನೋಡಿದ್ದೀರಿ. ಅದು ನನಗೆ ತುಂಬಾ ಇಷ್ಟವಾಯಿತು. ಅವನ ಸೇವೆಗಿರುವ ಹುಡುಗನ ಮಾತುಗಳಲ್ಲಿ ಜೀವ ಇದೆ. ಕಥೆ ಕೆಡುವುದು ಕವಚ ಬಂದ ಕಡೆಯೆಲ್ಲ.

ಮೊದಲು ಆ ಕತ್ತಿಯ ಏಟು. ನಿಮ್ಮ ನಾಯಕ ತೊಟ್ಟದ್ದು ಚೈನ್ ಮೇಲ್, ಅಂದರೆ ಕಬ್ಬಿಣದ ಉಂಗುರಗಳನ್ನು ಒಂದಕ್ಕೊಂದು ಹೆಣೆದು ಮಾಡಿದ ಅಂಗಿ. ‘ಅವನ ಚೈನ್ ಮೇಲ್ ಬಾಳೆದಿಂಡಿನಂತೆ ಸೀಳಿಹೋಯಿತು’ ಎಂದು ಬರೆದಿದ್ದೀರಿ. ಇದನ್ನು ವಿಡಿಯೊದಲ್ಲಿ ಕಣ್ಣಾರೆ ನೋಡಿದ್ದೇನೆ ಎಂದು ಪತ್ರದಲ್ಲೂ ಹೇಳಿದ್ದೀರಿ. ನೋಡಿರಬಹುದು. ಈಗ ಸಿಗುವ ಅಗ್ಗದ ಚೈನ್ ಮೇಲ್‌ನಲ್ಲಿ ತಂತಿಯನ್ನು ಸುಮ್ನೆ ಉಂಗುರದಂತೆ ಬಗ್ಗಿಸಿ, ಎರಡು ತುದಿಗಳನ್ನು ತಾಗಿಸಿ ಬಿಟ್ಟಿರುತ್ತಾರೆ. ಜೋರಾಗಿ ಏಟು ಬಿದ್ದರೆ ಆ ಉಂಗುರಗಳು ಬಾಯಿ ಬಿಡುತ್ತವೆ. ಯುದ್ಧಕ್ಕೆ ತೊಡುತ್ತಿದ್ದದ್ದು ಅದಲ್ಲ. ಅಲ್ಲಿ ತಂತಿಯ ತುದಿಗಳನ್ನು ಬಡಿದು ಚಪ್ಪಟೆ ಮಾಡಿ, ಒಂದರ ಮೇಲೊಂದು ಕೂರಿಸಿ, ತೂತು ಮಾಡಿ, ಪುಟಾಣಿ ಮೊಳೆಯಂಥ ರಿವೆಟ್ ಹೊಡೆಯುತ್ತಿದ್ದರು. ಎಷ್ಟೋ ಕವಚಗಳಲ್ಲಿ ಒಂದು ಸಾಲು ರಿವೆಟ್ ಹೊಡೆದ ಉಂಗುರ, ಮುಂದಿನ ಸಾಲು ಜೋಡಣೆಯೇ ಇಲ್ಲದ ಗಟ್ಟಿ ಉಂಗುರ. ಪ್ರತಿ ಉಂಗುರವೂ ಸುತ್ತಲಿನ ನಾಲ್ಕು ಉಂಗುರಗಳನ್ನು ಹಿಡಿದಿರುತ್ತಿತ್ತು. ಒಂದು ಅಂಗಿಗೆ ಇಂಥವು ಹತ್ತಾರು ಸಾವಿರ ಬೇಕು. ಒಂದು ಕೈಯಲ್ಲಿ ಬೀಸಿದ ಕತ್ತಿ ಇದನ್ನು ಸೀಳುವುದು ಹೆಚ್ಚುಕಡಿಮೆ ಆಗದ ಮಾತು.

ಹಾಗಾದರೆ ಏಟಿಗೆ ಏನೂ ಆಗುವುದಿಲ್ಲವೇ? ಆಗುತ್ತದೆ. ನೀವು ಬಿಟ್ಟಿರುವುದೇ ಅದನ್ನು. ಚೈನ್ ಮೇಲ್ ಬಟ್ಟೆಯ ಹಾಗೆ ಬಾಗುತ್ತದೆ. ಅಲಗು ಒಳಗೆ ಇಳಿಯದಿದ್ದರೂ ಏಟಿನ ಜೋರು ಒಳಗೆ ಇಳಿಯುತ್ತದೆ. ಅದಕ್ಕೇ ಅದರ ಕೆಳಗೆ ದಪ್ಪನೆಯ ಅಂಗಿ ಬೇಕು, ಹಲವು ಪದರ ಬಟ್ಟೆ ಸೇರಿಸಿ ಹೊಲಿದದ್ದು ಇಲ್ಲವೇ ಒತ್ತಾದ ಉಣ್ಣೆಯದ್ದು. ನಿಮ್ಮ ನಾಯಕ ಬರಿಮೈ ಮೇಲೆ ಕಬ್ಬಿಣ ಹಾಕಿಕೊಂಡಿದ್ದಾನೆ! ದಪ್ಪ ಅಂಗಿ ಇದ್ದರೂ ಗದೆಯ ಏಟಿಗೆ ಹೆಗಲ ಮೂಳೆ ಮುರಿಯಬಹುದು. ಹೊರಗೆ ಒಂದು ಉಂಗುರವೂ ಕಳಚಿಲ್ಲ, ರಕ್ತ ಇಲ್ಲ, ಆದರೆ ಅವನ ಬಲಗೈ ಮೇಲೇಳುತ್ತಿಲ್ಲ. ಪಕ್ಕದವನಿಗೆ ಅವನಿಗೆ ಏನಾಯಿತು ಎಂದೇ ಗೊತ್ತಾಗುವುದಿಲ್ಲ. ನಿಮ್ಮ ಬಾಳೆದಿಂಡಿಗಿಂತ ಇದು ಎಷ್ಟೋ ಭಯಂಕರ, ಅಲ್ವಾ? ಕವಚ ಒಡೆದು ಒಳಗೆ ಹೋಗಲೇಬೇಕು ಅನ್ನುವುದಾದರೆ ಕತ್ತಿ ಬಿಡಿ. ಓಡುವ ಕುದುರೆಯ ಮೇಲಿಂದ ಬರುವ ಈಟಿ ಇದೆ, ಹತ್ತಿರದಿಂದ ಬಿಟ್ಟ ಕ್ರಾಸ್‌ಬೋ ಬಾಣ ಇದೆ.

ಬಾಣಗಳ ವಿಷಯ ಬಂದಾಗ ನಿಮಗೆ ಸಾಕ್ಷಿಯೇ ಸಿಗುತ್ತದೆ. ಸಲಾಹುದ್ದೀನನ ಜೊತೆಗಿದ್ದು, ಅವನ ಜೀವನ ಚರಿತ್ರೆಯನ್ನೂ ಬರೆದ ಬಹಾ ಅಲ್-ದೀನ್ ಇಬ್ನ್ ಶದ್ದಾದ್ ಯುದ್ಧಕ್ಕೆ ಮುಂಚಿನ ರಿಚರ್ಡನ ಸೈನ್ಯದ ನಡಿಗೆಯನ್ನು ಕಂಡವನು. ಎದುರಾಳಿಯ ಕಾಲಾಳುಗಳು ದಪ್ಪ ಅಂಗಿ, ಅದರ ಮೇಲೆ ಚೈನ್ ಮೇಲ್ ತೊಟ್ಟಿದ್ದರು, ಬೆನ್ನಿಗೆ ಹತ್ತು ಬಾಣ ನೆಟ್ಟವರು ಕೂಡ ಸಾಲು ಬಿಡದೆ ನಡೆಯುತ್ತಿದ್ದರು ಎಂದು ಬರೆದಿದ್ದಾನೆ. ನಿಮ್ಮ ಕಥೆಯಲ್ಲಿ ಅದೇ ದಾರಿಯಲ್ಲಿ ಒಂದೊಂದು ಬಾಣಕ್ಕೆ ಒಬ್ಬೊಬ್ಬ ಸಾಯುತ್ತಾನೆ. ಸಾಯುತ್ತಿದ್ದದ್ದು ಜಾಸ್ತಿ ಕುದುರೆಗಳು. ಸೈನ್ಯದ ಹಿಂಬದಿಯಲ್ಲಿದ್ದ, ಹಾಸ್ಪಿಟಲರ್ ಎಂಬ ಕ್ರೈಸ್ತ ಧಾರ್ಮಿಕ ಪಂಗಡದ ನೈಟ್‌ಗಳು ತಮ್ಮ ಕುದುರೆಗಳು ಬೀಳುವುದನ್ನು ತಾಳಲಾರದೆ ರಿಚರ್ಡನ ಅಪ್ಪಣೆಗೂ ಕಾಯದೆ ಮುನ್ನುಗ್ಗಿದರು. ಕುದುರೆಗೆ ಕಬ್ಬಿಣದ ಅಂಗಿ ಇಲ್ಲ, ಮೇಲೆ ಕೂತವನಿಗೆ ಇದೆ. ನಿಮ್ಮ ನಾಯಕನ ಸಂಕಟ ಶುರುವಾಗಬೇಕಾದದ್ದು ಇಲ್ಲಿಂದ.

ಕವಚದ ತೂಕ 40 ಕಿಲೋ ಎಂದಿದ್ದೀರಿ, ಬಿದ್ದವನು ಏಳಲಾರ ಎಂದೂ ಬರೆದಿದ್ದೀರಿ. ಮೊಣಕಾಲಿನವರೆಗೆ ಬರುವ ಉದ್ದ ತೋಳಿನ ಅಂಗಿ ಸಾಮಾನ್ಯವಾಗಿ 10ರಿಂದ 15 ಕಿಲೋ. ಬಿದ್ದವನು ಏಳುತ್ತಾನೆ, ಓಡುತ್ತಾನೆ, ಕುದುರೆಯನ್ನೂ ಹತ್ತುತ್ತಾನೆ. ನಿಜವಾದ ತೊಂದರೆ ಬೇರೆ. ಆ ಭಾರವೆಲ್ಲ ಹೆಗಲ ಮೇಲೆ ಜೋತು ಬೀಳುತ್ತದೆ. ಸೊಂಟಕ್ಕೆ ಬೆಲ್ಟ್ ಬಿಗಿದು, ಅಂಗಿಯನ್ನು ಅದರ ಮೇಲೆ ಸ್ವಲ್ಪ ಎಳೆದು ಸಡಿಲ ಬಿಟ್ಟರೆ ಒಂದಷ್ಟು ಭಾರ ಸೊಂಟಕ್ಕೆ ಇಳಿಯುತ್ತದೆ. ಬೆಳಗ್ಗೆ ಆ ಹುಡುಗ ಹೀಗೆ ಎಳೆದು ಸರಿಮಾಡುವುದನ್ನು ಬರೆಯಿರಿ. ಇನ್ನು ಸೆಕೆ. ಆಕರ್‌ನಿಂದ ಜಾಫಾ ಕಡೆಗೆ, ಕರಾವಳಿಯ ಒಂದು ಊರಿನಿಂದ ಇನ್ನೊಂದಕ್ಕೆ, ರಿಚರ್ಡನ ಸೈನ್ಯ ಹೊರಟದ್ದು ಆಗಸ್ಟ್ ಕೊನೆಯಲ್ಲಿ. ಬಿಸಿಲಿಗೆ ಹೆದರಿ ಬೆಳಗಿನ ಹೊತ್ತು ಮಾತ್ರ ನಡೆಯುತ್ತಿದ್ದರು, ಆದರೂ ಬಿಸಿಲಿನ ಹೊಡೆತಕ್ಕೆ ಸತ್ತವರಿದ್ದರು. ನಿಮ್ಮ ಕಥೆಯಲ್ಲಿ ಒಬ್ಬನೂ ಬೆವರುವುದಿಲ್ಲ.

ಬಲಗಡೆಗೆ ಸಮುದ್ರ ಇಟ್ಟುಕೊಂಡು ಅಷ್ಟು ದಿನ ನಡೆದರೂ ಕವಚ ‘ಕನ್ನಡಿಯಂತೆ ಹೊಳೆಯಿತು’ ಎಂದಿದ್ದೀರಿ. ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿಯದೆ ಇರುತ್ತದೆಯೇ? ಚೈನ್ ಮೇಲ್ ಅನ್ನು ಮರಳು ತುಂಬಿದ ಪೀಪಾಯಿಗೆ ಹಾಕಿ ಉರುಳಿಸಿ ತುಕ್ಕು ತೆಗೆಯುತ್ತಿದ್ದರು. ಹುಡುಗನಿಗೆ ಆ ಕೆಲಸ ಕೊಡಿ.

ಹಾಗೆಯೇ, ಮೇಲೆತ್ತಬಹುದಾದ ಮುಖಗವಚ, ಮೈತುಂಬ ಉಕ್ಕಿನ ತಗಡು, ಇವೆರಡೂ ಮುಂದಿನ ಕಾಲದವು. ತೆಗೆದುಹಾಕಿ.

ಕೊನೆಯ ಭಾಗದ ಬಗ್ಗೆ ನನಗೆ ಹೆಚ್ಚು ಬೇಸರವಾಯಿತು, ಏಕೆಂದರೆ ಒಳ್ಳೆಯ ಅವಕಾಶ ಕೈತಪ್ಪಿದೆ. ಹೆಗಲಿಗೆ ಗಾಯವಾದ ನಾಯಕ ಡೇರೆಗೆ ಬಂದು, ‘ಗುಂಡಿ ಬಿಚ್ಚಿ’ ಕವಚ ತೆಗೆದಿಡುತ್ತಾನೆ. ಆ ಅಂಗಿಗೆ ಗುಂಡಿ ಇಲ್ಲ. ತಲೆಯ ಮೇಲಿಂದ ಹಾಕಬೇಕು, ತಲೆಯ ಮೇಲಿಂದಲೇ ತೆಗೆಯಬೇಕು. 1066ರ ಹೇಸ್ಟಿಂಗ್ಸ್ ಯುದ್ಧವನ್ನು ತೋರಿಸುವ ಬಾಯೂ ಕಸೂತಿಯ ಕೆಳಅಂಚಿನಲ್ಲಿ ಸತ್ತವರ ಕವಚವನ್ನು ಹೀಗೇ ತಲೆಯ ಕಡೆಯಿಂದ ಎಳೆದು ಸುಲಿಯುವ ಚಿತ್ರಗಳಿವೆ. ಮೈ ಸರಿ ಇದ್ದವನು ಮುಂದಕ್ಕೆ ಪೂರ್ತಿ ಬಗ್ಗಿ, ಕೈ ಚಾಚಿ, ಮೈ ಕೊಡವಿದರೆ ಅಂಗಿ ತನ್ನ ಭಾರಕ್ಕೆ ತಾನೇ ಜಾರಿ ಬೀಳುತ್ತದೆ. ಮೂಳೆ ಮುರಿದವನು ಕೈ ಚಾಚುವುದು ಹೇಗೆ? ಹುಡುಗನೇ ಎಳೆಯಬೇಕು. ಎಳೆದಷ್ಟೂ ಯಜಮಾನ ಕಿರುಚುತ್ತಾನೆ, ನಿಲ್ಲಿಸಿದರೆ ಕವಚ ಅರ್ಧಕ್ಕೇ ಮುಖದ ಮೇಲೆ ಸಿಕ್ಕಿಕೊಂಡಿರುತ್ತದೆ. ಕಥೆಯುದ್ದಕ್ಕೂ ಬೈಸಿಕೊಂಡ ಹುಡುಗ ಈಗ ಏನು ಮಾಡುತ್ತಾನೆ ಎಂದು ನಾನು ಓದಬೇಕು.

ಯುದ್ಧದ ಭಾಗವನ್ನೂ ಡೇರೆಯ ಭಾಗವನ್ನೂ ಹೊಸದಾಗಿ ಬರೆಯಿರಿ. ಮೊದಲ ಪುಟದ ರಾಜವಂಶದ ವಿವರ ಮೂರು ಸಾಲಿಗೆ ಇಳಿಸಿ. ತಾಯಿ ಕೊಟ್ಟ ತಾಯಿತದ ಪ್ರಸಂಗ ಮುಟ್ಟಬೇಡಿ, ಅದು ಚೆನ್ನಾಗಿದೆ. ತಿದ್ದಿದ ಮೇಲೆ ಬದಲಾದ ಪುಟಗಳನ್ನಷ್ಟೇ ಅಲ್ಲ, ಪೂರ್ತಿ ಕಥೆ ಕಳಿಸಿ. ಹುಡುಗನ ಪಾತ್ರವನ್ನು ಮೊದಲಿನಿಂದ ಮತ್ತೆ ಓದಬೇಕು.