ಎರಡನೇ ಸಲ ಸ್ಯಾಟ್ ಬರೆದು ಅಂಕ ಕಮ್ಮಿ ಬಂದರೆ?

ನಮಸ್ಕಾರ. ಮೈಸೂರಿನಿಂದ ನ್ಯೂಜೆರ್ಸಿಗೆ ಬಂದು ಎಂಟು ತಿಂಗಳಾಯಿತು, ಮಗಳಿಗೆ ಸ್ಯಾಟ್‌ನಲ್ಲಿ (ಅಮೆರಿಕದ ಕಾಲೇಜು ಸೇರಲು ಬರೆಯುವ ಪರೀಕ್ಷೆ) 1380 ಬಂದಿದೆ, ಮತ್ತೆ ಬರೆದು ಕಮ್ಮಿ ಬಂದರೆ ಕಾಲೇಜಿನವರು ಏನಂದುಕೊಳ್ಳುತ್ತಾರೋ ಅಂತ ಕೇಳಿದ್ದೀರಿ. ಬಹಳ ಕಡೆ ಏನೂ ಅಂದುಕೊಳ್ಳುವುದಿಲ್ಲ. ಧೈರ್ಯವಾಗಿ ಬರೆಸಿ.

ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ನಮ್ಮ ಕಾಲದಲ್ಲಿ ಪಿಯುಸಿ ಮಾರ್ಕ್ಸ್ ಕಾರ್ಡೇ ಹಣೆಬರಹ. ಈಗ ಅಲ್ಲೂ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಬರೆಯುವ ಅವಕಾಶ ಬಂದಿದೆ ಅಲ್ವಾ? ಇಲ್ಲಿ ಇನ್ನೊಂದು ಹೆಜ್ಜೆ ಮುಂದೆ. ಎಂಐಟಿ ಸೇರಿದಂತೆ ಬಹಳ ಕಾಲೇಜುಗಳು ಇಂಗ್ಲಿಷ್, ಗಣಿತ ಅಂತ ಇರುವ ಎರಡು ಭಾಗಗಳಲ್ಲಿ ಒಂದೊಂದರಲ್ಲೂ ಜಾಸ್ತಿ ಬಂದ ಅಂಕವನ್ನು ಬೇರೆ ಬೇರೆ ದಿನದಿಂದ ಎತ್ತಿಕೊಳ್ಳುತ್ತವೆ. ಇದನ್ನೇ ಸೂಪರ್‌ಸ್ಕೋರ್ ಅನ್ನುವುದು.

ನನ್ನ ಮಗನದ್ದೇ ಹೇಳ್ತೀನಿ. ಮಾರ್ಚ್‌ನಲ್ಲಿ ಇಂಗ್ಲಿಷ್ 650, ಗಣಿತ 760. ಆಗಸ್ಟ್‌ನಲ್ಲಿ ಇಂಗ್ಲಿಷ್ 710ಕ್ಕೆ ಏರಿತು, ಗಣಿತ 730ಕ್ಕೆ ಇಳಿಯಿತು. ಅಡುಗೆಮನೆ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಆ 730 ನೋಡುತ್ತಾ ಮುಖ ಸಣ್ಣದು ಮಾಡಿಕೊಂಡು ಕೂತಿದ್ದ. ದಿನಸಿ ಚೀಟಿಯ ಹಿಂದೆ 710ಕ್ಕೆ 760 ಕೂಡಿಸಿ ತೋರಿಸಿದೆ. 1470! ಎರಡು ದಿನದಲ್ಲಿ ಯಾವ ದಿನವೂ ಅವನಿಗೆ ಅಷ್ಟು ಬಂದಿರಲಿಲ್ಲ. ಆ ಚೀಟಿ ಎಷ್ಟೋ ದಿನ ಫ್ರಿಜ್ ಮೇಲಿತ್ತು.

ಹಾಗಂತ ಎಲ್ಲಾ ಕಡೆ ಒಂದೇ ನಿಯಮ ಇಲ್ಲ. ಕೆಲವರು ಒಂದೇ ದಿನದ ಒಟ್ಟು ಅಂಕ ನೋಡುತ್ತಾರೆ. ಜಾರ್ಜ್‌ಟೌನ್ ಯೂನಿವರ್ಸಿಟಿಯಂಥ ಕಡೆ ಬರೆದ ಎಲ್ಲಾ ಸಲದ ಅಂಕವನ್ನೂ ಕೇಳುತ್ತಾ ಬಂದಿದ್ದಾರೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದವರು ಪ್ರವೇಶಕ್ಕೆ ಸ್ಯಾಟ್ ನೋಡುವುದೇ ಇಲ್ಲ. ಕೊಡುವುದು ಬಿಡುವುದು ನಿಮ್ಮಿಷ್ಟ ಅನ್ನುವ ಕಾಲೇಜುಗಳೂ ಇವೆ. ನಿಯಮ ಆಗಾಗ ಬದಲಾಗುತ್ತದೆ. ಎಂಐಟಿಯೇ ಕೋವಿಡ್ ಹೊತ್ತಿನಲ್ಲಿ ಕೈಬಿಟ್ಟಿದ್ದ ಸ್ಯಾಟ್ ಅನ್ನು 2022ರಲ್ಲಿ ಮತ್ತೆ ಕಡ್ಡಾಯ ಮಾಡಿತು. ಆದ್ದರಿಂದ ಅಕ್ಕಪಕ್ಕದವರು ಹೇಳಿದ್ದನ್ನು ನಂಬಬೇಡಿ, ನನ್ನನ್ನೂ ಸೇರಿಸಿ. ಅರ್ಜಿ ಹಾಕುವ ವರ್ಷ ಆಯಾ ಕಾಲೇಜಿನ ಪ್ರವೇಶದ ಪುಟವನ್ನೇ ಓದಿ.

ಒಂದು ವಿಷಯದಲ್ಲಿ ಮಾತ್ರ ಜಾಗ್ರತೆ. ಪರೀಕ್ಷೆ ಮುಗಿದ 9 ದಿನದೊಳಗೆ ಹೇಳಿದರೆ ಸ್ಯಾಟ್ ನಡೆಸುವವರು 4 ಕಾಲೇಜುಗಳಿಗೆ ಅಂಕವನ್ನು ಪುಕ್ಕಟೆ ಕಳಿಸುತ್ತಾರೆ. ಆದರೆ ಆ ಹೊತ್ತಿಗೆ ಎಷ್ಟು ಬಂದಿದೆ ಅಂತ ನಿಮಗೇ ಗೊತ್ತಿರುವುದಿಲ್ಲ. ಸ್ವಲ್ಪ ದುಡ್ಡು ಉಳಿಯುತ್ತದೆ ಅಂತ ನಾವು ಹಾಗೆ ಮಾಡಿದೆವು. ಮಾರ್ಚ್‌ನ ಅಂಕ ನಾಲ್ಕು ಕಡೆ ಹೋಗಿಯೇಬಿಟ್ಟಿತು. ಕಾದು ನೋಡಿದ್ದರೆ ಯಾವ ದಿನದ್ದು ಕಳಿಸಬೇಕು ಅನ್ನುವುದು ನಮ್ಮ ಕೈಯಲ್ಲೇ ಇರುತ್ತಿತ್ತು. ಬಹಳ ಕಾಲೇಜುಗಳಲ್ಲಿ ಅರ್ಜಿಯಲ್ಲಿ ನೀವೇ ಅಂಕ ಬರೆದರೆ ಸಾಕು, ಅಧಿಕೃತ ಪ್ರತಿ ಸೀಟು ಸಿಕ್ಕಿ ಸೇರುವಾಗ ಕೊಟ್ಟರಾಯಿತು.

ಹಾಗಂತ ನಾಲ್ಕು, ಐದು ಸಲ ಬರೆಸಬೇಡಿ. ಪ್ರತಿ ಸಲ 68 ಡಾಲರ್. ಅದಕ್ಕಿಂತ ಹೆಚ್ಚಾಗಿ ಮಗುವಿನ ಶನಿವಾರಗಳು ಹೋಗುತ್ತವೆ. ಹೊಸ ದೇಶ, ಹೊಸ ಶಾಲೆ, ಗೆಳತಿಯರೂ ಈಗಷ್ಟೇ ಸಿಗುತ್ತಿರಬೇಕು. ಆ ಶನಿವಾರಗಳು ಅವಳಿಗೆ ಬೇಕು.

1380ರಲ್ಲಿ ಇಂಗ್ಲಿಷ್ ಎಷ್ಟು, ಗಣಿತ ಎಷ್ಟು ಅಂತ ನೀವು ಬರೆದಿಲ್ಲ. ಬಿಡಿಸಿ ತಿಳಿಸಿ. ಒಂದು ಭಾಗ ಆಗಲೇ ಚೆನ್ನಾಗಿದ್ದರೆ ಬೇಸಿಗೆ ರಜೆಯಲ್ಲಿ ಇನ್ನೊಂದನ್ನು ಜಾಸ್ತಿ ಓದಲಿ, ಆಗಸ್ಟ್‌ನಲ್ಲಿ ಬರೆಯಲಿ.